ಕುಂಡದ ಟೊಮೆಟೊ, ಮೆಣಸು, ಬದನೆ: ಕಾಂಡ ಬದಲಾದಾಗ ಏನು ನೋಡಬೇಕು

ಎಲೆಯ ಮೇಲೆ ಚುಕ್ಕೆ ಕಂಡರೆ ಆ ಎಲೆ ಕಿತ್ತು ನಾಲ್ಕು ದಿನ ಕಾಯಬಹುದು. ಕಾಂಡ ಹಾಗಲ್ಲ. ಬೇರಿನಿಂದ ಮೇಲೇರುವ ನೀರಿಗೂ ಎಲೆಯಿಂದ ಕೆಳಗಿಳಿಯುವ ಆಹಾರಕ್ಕೂ ಇರುವುದು ಅದೊಂದೇ ದಾರಿ. ಅಲ್ಲಿ ಗಂಟು, ಬಿರುಕು, ಕಪ್ಪು ಪಟ್ಟೆ ಏನು ಕಂಡರೂ ಗಾಬರಿಯಾಗಿ ಮೊದಲು ಔಷಧದ ಬಾಟಲಿಗೆ ಕೈ ಹಾಕುವವರೇ ಹೆಚ್ಚು. ಆದರೆ ಹೊರಗೆ ಬಿಸಿಲು ಗಾಳಿಗೆ ಇಟ್ಟ ಕುಂಡದ ಗಿಡಗಳ ಕಾಂಡದಲ್ಲಿ ಕಾಣುವ ಬದಲಾವಣೆಗಳಲ್ಲಿ ಬಹಳಷ್ಟು ರೋಗವೇ ಅಲ್ಲ. ನಿಜವಾಗಿ ರೋಗವಾಗಿರುವ ಕೆಲವಕ್ಕೆ ಸಿಂಪಡಣೆಯಿಂದ ಗುಣವೂ ಇಲ್ಲ. ಹಾಗಾಗಿ ಯಾವ ಔಷಧ ಎಂದು ಕೇಳುವ ಮೊದಲು ಮೂರು ವಿಷಯ ತಿಳಿದಿರಬೇಕು: ಬದಲಾವಣೆ ಕಾಂಡದ ಯಾವ ಎತ್ತರದಲ್ಲಿದೆ, ಎಷ್ಟು ಬೇಗ ಹರಡುತ್ತಿದೆ, ಕೊಯ್ದರೆ ಒಳಗೆ ಯಾವ ಬಣ್ಣವಿದೆ.

ಇದಕ್ಕೆ ಬೇಕಾದ ಸಾಮಾನು ಕಡಿಮೆ. ಹರಿತವಾದ ಬ್ಲೇಡು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಬ್ಲೇಡು ಒರೆಸಲು ಶೇ. 70ರ ಆಲ್ಕೋಹಾಲ್, ಒಂದು ಗಾಜಿನ ಲೋಟ, ಒಂದು ಮಾರ್ಕರ್ ಪೆನ್ನು. ಮಾರ್ಕರ್ ಯಾಕೆಂದರೆ, ಕಲೆಯ ಮೇಲಂಚು ಕೆಳಂಚಿಗೆ ಸಣ್ಣ ಗೆರೆ ಎಳೆದು, ಮರುದಿನ ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ ಫೋಟೊ ತೆಗೆದು ನೋಡಬೇಕು. ಗೆರೆ ದಾಟಿ ಹೋಗಿದ್ದರೆ ಅದು ಜೀವಂತ ರೋಗ. ಮೂರು ನಾಲ್ಕು ದಿನ ಕಳೆದರೂ ಅಲ್ಲೇ ನಿಂತಿದ್ದರೆ ಅದು ಹಳೆಯ ಗಾಯವೋ ಗಿಡದ ಸಹಜ ಗುಣವೋ ಆಗಿರುತ್ತದೆ. ನೆನಪನ್ನು ನಂಬಿ ಹೇಳುವ "ನಿನ್ನೆಗಿಂತ ಜಾಸ್ತಿ ಆಗಿದೆ ಅನ್ಸುತ್ತೆ" ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಮೊದಲು ಹೆದರಬೇಕಿಲ್ಲದವು.

ಟೊಮೆಟೊ ಕಾಂಡದ ಕೆಳಭಾಗದಲ್ಲಿ ಬಿಳಿಯ ಅಥವಾ ತಿಳಿ ಹಸಿರಿನ ಗುಳ್ಳೆಗಳು ಸಾಲಾಗಿ ಏಳುತ್ತವೆ. ಮುಟ್ಟಿದರೆ ಗಟ್ಟಿಯಾಗಿರುತ್ತವೆ, ಉಗುರಿನಿಂದ ಕೆರೆದರೆ ಕೀಟದಂತೆ ಉದುರುವುದಿಲ್ಲ. ಇವು ಬೇರಿನ ಮೊಳಕೆಗಳು. ಮಣ್ಣು ಮುಚ್ಚಿದರೆ ಬೇರಾಗುತ್ತವೆ, ಮುಚ್ಚದಿದ್ದರೆ ಒಣಗಿ ಗುರುತಾಗಿ ಉಳಿಯುತ್ತವೆ. ಟೊಮೆಟೊ ಸಸಿಯನ್ನು ಆಳವಾಗಿ ನೆಡಿ ಎನ್ನುವುದು ಈ ಗುಣವನ್ನು ನಂಬಿಯೇ. ಒಂದು ಅಡಿ ಎತ್ತರದವರೆಗೆ ನಾಲ್ಕಾರು ಗುಳ್ಳೆ ಇದ್ದರೆ ಸುಮ್ಮನಿರಬಹುದು. ಮಣ್ಣಿನಿಂದ ಬಹಳ ಮೇಲೆ, ಕಾಂಡದ ತುಂಬಾ ಒತ್ತಾಗಿ ಎದ್ದಿದ್ದರೆ ಮಾತ್ರ ಬೇರಿಗೆ ಉಸಿರಾಟ ಸಾಲುತ್ತಿಲ್ಲ ಎಂದು ಅರ್ಥ: ನೀರು ಹೆಚ್ಚಾಗಿದೆ, ಕುಂಡದ ತೂತು ಕಟ್ಟಿದೆ, ಇಲ್ಲವೆ ಕಾಂಡದೊಳಗಿನ ನೀರಿನ ನಾಳ ಮುಚ್ಚುತ್ತಿದೆ. ಕೊನೆಯದನ್ನು ಮುಂದೆ ನೋಡೋಣ. ಮೊದಲೆರಡನ್ನು ಪರೀಕ್ಷಿಸಲು ಕುಂಡವನ್ನು ಎತ್ತಿ ನೋಡಿದರೆ ಸಾಕು. ನೀರು ಹಾಕಿ ಎರಡು ದಿನವಾದರೂ ಭಾರ ಇಳಿಯದಿದ್ದರೆ ತಳದ ತೂತಿಗೆ ಕಡ್ಡಿ ಚುಚ್ಚಿ, ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಕೂರಿಸಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ.

ನೇರಳೆ ಬಣ್ಣ ಎರಡನೆಯದು. ಮೆಣಸಿನ ಗಿಡದ ಗೆಣ್ಣುಗಳಲ್ಲಿ ನೇರಳೆ ಕಲೆ ಬಹಳ ತಳಿಗಳ ಹುಟ್ಟುಗುಣ, ಬದನೆಯ ಕಾಂಡ ಪೂರ್ತಿ ನೇರಳೆಯಾಗಿದ್ದರೂ ಅಚ್ಚರಿಯಿಲ್ಲ. ಟೊಮೆಟೊ ಸಸಿಯ ಕಾಂಡ, ಅದರ ಜೊತೆಗೆ ಎಲೆಯ ಅಡಿಭಾಗದ ನರಗಳು ನೇರಳೆಯಾಗಿ, ಬೆಳವಣಿಗೆಯೂ ನಿಂತಿದ್ದರೆ ಅದು ರಂಜಕ ಸಿಗುತ್ತಿಲ್ಲ ಎನ್ನುವ ಸೂಚನೆ. "ಸಿಗುತ್ತಿಲ್ಲ" ಎಂಬುದನ್ನು ಗಮನಿಸಿ. ಮಣ್ಣಿನಲ್ಲಿ ರಂಜಕ ಇದ್ದರೂ ಬೇರಿನ ಸುತ್ತ 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಗಿಡಕ್ಕೆ ಅದನ್ನು ಎಳೆದುಕೊಳ್ಳುವುದು ಕಷ್ಟ. ಚಳಿ ರಾತ್ರಿಗಳಲ್ಲಿ ನೆಲಕ್ಕಿಂತ ಬೇಗ ತಣ್ಣಗಾಗುವುದು ಕುಂಡದ ಮಣ್ಣು. ಹಾಗಾಗಿ ರಾತ್ರಿ ಬೆಚ್ಚಗಾದ ಮೇಲೆ ಬರುವ ಹೊಸ ಎಲೆ ಹಸಿರಾಗಿದ್ದರೆ ಗೊಬ್ಬರದ ತಂಟೆಯೇ ಬೇಡ.

ಮೆಣಸು, ಬದನೆಗಳ ಕಾಂಡ ಬುಡದಿಂದ ಮೇಲಕ್ಕೆ ಕಂದಾಗಿ, ಉದ್ದುದ್ದ ಗೆರೆಗಳೊಡನೆ ಒರಟಾಗುವುದು ಮರದಂತೆ ಬಲಿಯುವ ಕ್ರಮ. ಬ್ಲೇಡಿನಿಂದ ಅಕ್ಕಿಕಾಳಿನಷ್ಟು ಜಾಗ ಮೆಲ್ಲಗೆ ಕೆರೆಯಿರಿ. ಕಂದು ಸಿಪ್ಪೆಯ ಕೆಳಗೆ ಹಸಿರು, ತೇವ ಇದ್ದರೆ ಕಾಂಡ ಚೆನ್ನಾಗಿದೆ. ಒಣ ಕಂದು ಅಥವಾ ನೆನೆದ ಕಂದು ಸಿಕ್ಕರೆ ಆ ಭಾಗ ಸತ್ತಿದೆ. ಕಾಂಡದ ವಿಷಯದಲ್ಲಿ ಇಷ್ಟು ಚಿಕ್ಕ, ಇಷ್ಟು ಉಪಯುಕ್ತ ಪರೀಕ್ಷೆ ಮತ್ತೊಂದಿಲ್ಲ. ಆದರೂ ಹೆಚ್ಚಿನವರು ಮಾಡುವುದಿಲ್ಲ.

ರಿಬ್ಬನ್ನಿನಂತೆ ಚಪ್ಪಟೆಯಾದ ಕಾಂಡ ಆಗೊಮ್ಮೆ ಈಗೊಮ್ಮೆ ಕಾಣುತ್ತದೆ. ಬೆಳೆಯುವ ತುದಿ ಒಂದು ಬಿಂದುವಾಗಿರದೆ ಅಗಲವಾಗಿ ಬೆಳೆದಾಗ ಹೀಗಾಗುತ್ತದೆ. ಪಕ್ಕದ ಕುಡಿಗಳು ಸರಿಯಾಗಿದ್ದರೆ ಬಿಟ್ಟುಬಿಡಿ. ಬಗ್ಗಿ ಅರ್ಧ ಮುರಿದ ಕಾಂಡ ಕೂಡಿಕೊಂಡ ಜಾಗದಲ್ಲಿ ಏಳುವ ಗಟ್ಟಿ ಗಂಟೂ ಅಷ್ಟೇ, ಗಾಯ ಮಾಗಿದ ಗುರುತು.

ಇನ್ನು ನಮ್ಮ ಕೈಯಿಂದಲೇ ಆಗುವವು. ಆಸರೆ ಕೋಲಿಗೆ ಕಟ್ಟಿದ ದಾರ ಬಿಗಿಯಾದರೆ ದಾರದ ಮೇಲ್ಭಾಗ ಊದಿಕೊಳ್ಳುತ್ತದೆ, ಕೆಳಭಾಗ ಸಣಕಲಾಗಿಯೇ ಉಳಿಯುತ್ತದೆ. ಎಲೆಗಳಲ್ಲಿ ತಯಾರಾದ ಸಕ್ಕರೆ ಕೆಳಗಿಳಿಯಲಾರದೆ ಅಲ್ಲಿ ನಿಂತಿರುತ್ತದೆ. ಊತ ಮೇಲೆ, ಸಣಕಲು ಕೆಳಗೆ ಎಂಬ ಈ ಜೋಡಿ ಕಂಡರೆ ಮೊದಲು ಆ ಗೆಣ್ಣಿನ ಸುತ್ತ ದಾರ, ತಂತಿ, ಸಸಿಗೆ ಕಟ್ಟಿ ಬಂದ ಪ್ಲಾಸ್ಟಿಕ್ ಚೀಟಿ ಹುಡುಕಿ. ಕಟ್ಟುವಾಗ ಇಂಗ್ಲಿಷಿನ ಎಂಟರ ಆಕಾರದಲ್ಲಿ, ಒಂದು ಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟಬೇಕು. ಒಂದೇ ಮಗ್ಗುಲಲ್ಲಿ ಕಾಂಡ ಬೆಳ್ಳಗೆ ಕಾಗದದಂತೆ ಒಣಗಿದ್ದು, ಆ ಮಗ್ಗುಲು ಮಧ್ಯಾಹ್ನದ ಬಿಸಿಲಿಗೆ ಮುಖ ಮಾಡಿದ್ದರೆ ಅದು ಬಿಸಿಲಿನ ಸುಡುಗಾಯ. ಕೆಳಗಿನ ಎಲೆಗಳನ್ನು ಒಂದೇ ಸಲ ಬೋಳಿಸಿದ ವಾರದಲ್ಲಿ ಇದು ಸಾಮಾನ್ಯ. ಕಪ್ಪು ಪ್ಲಾಸ್ಟಿಕ್ ಕುಂಡದ ಅಂಚಿಗೆ ಒರಗಿದ ಕಾಂಡಕ್ಕೂ ಹೀಗೇ ಅಡ್ಡ ಬರೆ ಬೀಳುತ್ತದೆ, ಕುಂಡ ಅರ್ಧ ಸುತ್ತು ತಿರುಗಿಸಿ ಗಿಡವನ್ನು ಅಂಚಿನಿಂದ ಬಿಡಿಸಿದರೆ ಮುಗಿಯಿತು.

ಉದ್ದ ಬಿರುಕಿಗೆ ಬರೋಣ. ಮೂರು ದಿನ ಒಣಗಿಸಿ ಆಮೇಲೆ ಕುಂಡ ತುಂಬಾ ನೀರು ಹಾಕುವ ಅಭ್ಯಾಸವಿದ್ದರೆ ಕಾಂಡದ ಹೊರ ಸಿಪ್ಪೆ ಹಿಗ್ಗಲಾರದೆ ಸೀಳುತ್ತದೆ. ಬಿರುಕು ಆಳವಿಲ್ಲದೆ, ಒಣಗಿ, ಅಂಚು ಕಂದು ಕಟ್ಟಿದ್ದರೆ ಏನೂ ಹಚ್ಚಬೇಡಿ. ಅರಿಸಿನ, ಮೇಣ, ಸುಣ್ಣ ಯಾವುದೂ ಬೇಡ, ಗಾಳಿಯಾಡುವ ಗಾಯ ತಾನೇ ಮಾಗುತ್ತದೆ. ಬಿರುಕಿನ ಒಳಗೆ ತಿರುಳು ಕಂದಾಗಿದ್ದರೆ, ಕಾಂಡ ಹಿಸುಕಿದಾಗ ಟೊಳ್ಳು ಎನಿಸಿದರೆ ಮಾತು ಬೇರೆ. ಟೊಮೆಟೊದಲ್ಲಿ ತಿರುಳು ಕೊಳೆ ಎಂಬ ಬ್ಯಾಕ್ಟೀರಿಯಾ ರೋಗ ಹೀಗೇ ಬರುತ್ತದೆ. ಸಾಮಾನ್ಯವಾಗಿ ಬಡಕಲು ಗಿಡಕ್ಕಲ್ಲ, ಸಾರಜನಕ ಕುಡಿದು ಕೊಬ್ಬಿದ, ದಪ್ಪ ಕಾಂಡದ, ಮೊದಲ ಕಾಯಿಗಳು ಹಣ್ಣಾಗುವ ಹೊಸ್ತಿಲಲ್ಲಿರುವ ಗಿಡಕ್ಕೆ. ರಾತ್ರಿ ತಂಪು, ಹಗಲು ಮೋಡ, ಗಾಳಿಯಲ್ಲಿ ತೇವ ಇದ್ದಾಗ ಹೆಚ್ಚು. ಕಾಂಡದ ಮೇಲೆ ಕಪ್ಪು ಕಲೆ, ಉದ್ದಕ್ಕೆ ಸೀಳಿದರೆ ಒಳಗಿನ ತಿರುಳು ಏಣಿಯ ಮೆಟ್ಟಿಲಿನಂತೆ ತುಂಡು ತುಂಡಾಗಿ ಒಣಗಿರುತ್ತದೆ. ಔಷಧ ಇಲ್ಲ. ಸಾರಜನಕದ ಗೊಬ್ಬರ ನಿಲ್ಲಿಸಿ, ಗಿಡದ ಮೇಲೆ ನೀರು ಬೀಳದಂತೆ ನೋಡಿಕೊಂಡು, ಒದ್ದೆ ಗಿಡವನ್ನು ಮುಟ್ಟದಿದ್ದರೆ ಹವೆ ಬಿಸಿಯಾದ ಮೇಲೆ ಕೆಲವು ಗಿಡ ಚೇತರಿಸಿಕೊಳ್ಳುತ್ತವೆ. ಕಾಯಿ ಇಳಿಸುವವರೆಗೆ ಬಾಳುವುದೂ ಉಂಟು.

ಬುಡದ ಕಡೆ ನೋಡುವಾಗ ಮಾತ್ರ ತಡ ಮಾಡಬಾರದು. ಮಣ್ಣಿನ ಮಟ್ಟದಿಂದ ಮೇಲೆ ಕೆಳಗೆ ಎರಡೆರಡು ಬೆರಳಿನಷ್ಟು ಜಾಗ, ಅಷ್ಟರಲ್ಲೇ ಕುಂಡದ ಗಿಡಗಳ ಹೆಚ್ಚಿನ ಸಾವು ನಿರ್ಧಾರವಾಗುತ್ತದೆ. ಗಿಡ ಬಾಡಿದಾಗ ಮಣ್ಣು ಒದ್ದೆಯಾಗಿದ್ದರೆ ಮತ್ತೆ ನೀರು ಹಾಕದೆ, ಬುಡದ ಮಣ್ಣನ್ನು ಬೆರಳಿನಿಂದ ಮೂರು ಸೆಂಟಿಮೀಟರ್ ಸರಿಸಿ ನೋಡಿ.

ಎಳೆ ಸಸಿಯ ಬುಡ ನೀರು ಕುಡಿದಂತಾಗಿ, ಸಣಕಲಾಗಿ, ಸಸಿ ಮಲಗಿದ್ದರೆ ಅದು ಸಸಿ ಕೊಳೆ. ಅದು ಎದ್ದೇಳುವುದಿಲ್ಲ. ಪಕ್ಕದ ಸಸಿಗಳನ್ನು ಉಳಿಸುವುದಷ್ಟೇ ಕೆಲಸ: ಮೇಲ್ಮಣ್ಣು ಒಣಗುವವರೆಗೆ ನೀರು ನಿಲ್ಲಿಸಿ, ಒತ್ತಾಗಿದ್ದರೆ ಬಿಡಿಸಿ. ದೊಡ್ಡ ಗಿಡದ ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು ಬೀಸಣಿಗೆಯಂತೆ ಹರಡಿ, ಅದರ ಮೇಲೆ ಸಾಸಿವೆಯಷ್ಟು ದಪ್ಪದ, ಮೊದಲು ಬಿಳಿ ಆಮೇಲೆ ಕಂದು ಗುಂಡುಗಳು ಇದ್ದರೆ ಬೇರೆ ಪರೀಕ್ಷೆ ಬೇಕಿಲ್ಲ, ಅದು ಸ್ಕ್ಲೆರೋಷಿಯಂ ಬುಡಕೊಳೆ. ಬಿಸಿ ಮತ್ತು ತೇವ ಎರಡೂ ಕೂಡಿದಾಗ, ಸುಮಾರು 30 ಡಿಗ್ರಿಯ ಹವೆಯಲ್ಲಿ ಇದಕ್ಕೆ ಸುಗ್ಗಿ. ಆ ಗುಂಡುಗಳು ಒಂದರಿಂದ ಎರಡು ಮಿಲಿಮೀಟರ್ ಇರುತ್ತವೆ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಹಾಗಾಗಿ ಗಿಡ ಕಿತ್ತು ಅದೇ ಮಣ್ಣಿಗೆ ಹೊಸ ಸಸಿ ನೆಟ್ಟರೆ ಅದೂ ಹೋಗುತ್ತದೆ. ಗಿಡ, ಮಣ್ಣು ಎರಡನ್ನೂ ಚೀಲಕ್ಕೆ ತುಂಬಿ ಹೊರಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಅರ್ಧ ಕೊಳೆತ ಎಲೆ, ಹುಲ್ಲನ್ನು ಕಾಂಡಕ್ಕೆ ತಾಗುವಂತೆ ಹೊದಿಸುವುದು ಈ ಶಿಲೀಂಧ್ರಕ್ಕೆ ಊಟ ಬಡಿಸಿದಂತೆ. ಹೊದಿಕೆ ಕಾಂಡದಿಂದ ಐದು ಸೆಂಟಿಮೀಟರ್ ದೂರವೇ ಇರಲಿ.

ಮೆಣಸಿನ ಗಿಡದ ಬುಡ ಕಪ್ಪು ಕಂದಾಗಿ ಸುತ್ತುವರಿದು, ಬೂಷ್ಟೇನೂ ಕಾಣದೆ, ಇಡೀ ಗಿಡ ಎರಡು ಮೂರು ದಿನದಲ್ಲಿ ಬಾಡಿದರೆ ಫೈಟೋಫ್ತೋರ ಬುಡಕೊಳೆ ಎಂದೇ ಮೊದಲ ಅನುಮಾನ. ಇದರ ಬೀಜಕಗಳು ನೀರಿನಲ್ಲಿ ಈಜುತ್ತವೆ. ಸಾಲು ಕುಂಡಗಳಿಗೆ ಒಂದೇ ತಟ್ಟೆಯಿದ್ದರೆ ಒಂದರಿಂದ ಇನ್ನೊಂದಕ್ಕೆ ಸೇರಲು ಅದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಟೊಮೆಟೊ ಸಸಿಯ ಬುಡದಲ್ಲಿ ಕಪ್ಪಾಗಿ ಗುಳಿಬಿದ್ದ, ಒಂದರೊಳಗೊಂದು ಉಂಗುರವಿರುವ ಕಲೆಯಾದರೆ ಆಲ್ಟರ್ನೇರಿಯಾ, ಎಲೆಯಂಗಮಾರಿಯ ಶಿಲೀಂಧ್ರವೇ ಕಾಂಡಕ್ಕಿಳಿದ ರೂಪ.

ಬುಡ ಕಂದಾಗಿದ್ದರೂ ಕೊಳೆಯದೆ ಒಣಗಿ, ಕುಂಡದ ಅಂಚಿನಲ್ಲೂ ಮಣ್ಣಿನ ಮೇಲೂ ಬಿಳಿ ಪುಡಿ ಕಟ್ಟಿದ್ದರೆ ಅದು ಉಪ್ಪು. ಪದೇ ಪದೇ ದ್ರವ ಗೊಬ್ಬರ, ಗಡಸು ನೀರು, ತಳದಿಂದ ಹರಿದು ಹೋಗದಷ್ಟೇ ನೀರು ಎಂಬ ಮೂರು ಸೇರಿದಾಗ ಹೀಗಾಗುತ್ತದೆ. ಮೇಲಿನ ಎರಡು ಸೆಂಟಿಮೀಟರ್ ಮಣ್ಣು ತೆಗೆದು, ಕುಂಡದ ಅಳತೆಯ ಎರಡರಷ್ಟು ನೀರನ್ನು ನಿಧಾನವಾಗಿ ಹಾಯಿಸಿ. ಹತ್ತು ಲೀಟರ್ ಕುಂಡಕ್ಕೆ ಇಪ್ಪತ್ತು ಲೀಟರ್. ಒಮ್ಮೆಲೇ ಸುರಿಯದೆ ನಾಲ್ಕೈದು ಸಲಕ್ಕೆ ಹಂಚಿ. ಆಮೇಲೆ ಎರಡು ವಾರ ಗೊಬ್ಬರ ಬೇಡ.

ಹೊರಗೆ ಏನೂ ಕಾಣದೆ ಗಿಡ ಬಾಡುವುದು ಅತ್ಯಂತ ಗೊಂದಲದ ಸಂಗತಿ. ಮಧ್ಯಾಹ್ನ ಬಾಡಿ ಸಂಜೆಗೆ ಎದ್ದರೆ ಬಿಸಿಲು, ಅಷ್ಟೇ. ಬೆಳಗಿನ ಜಾವಕ್ಕೂ ಏಳದಿದ್ದರೆ ಬುಡದ ಹತ್ತಿರದ ಕಾಂಡವನ್ನು ಓರೆಯಾಗಿ ಸೀಳಿ ನೋಡಲೇಬೇಕು. ಸಿಪ್ಪೆಯ ಕೆಳಗೆ, ತಿರುಳಿನ ಸುತ್ತ ನೀರಿನ ನಾಳಗಳ ಉಂಗುರವಿರುತ್ತದೆ. ಅದು ಬೆಳ್ಳಗೆ, ತೇವವಾಗಿದ್ದರೆ ತೊಂದರೆ ಬೇರಿನಲ್ಲಿ ಹುಡುಕಬೇಕು. ಕಂದಾಗಿದ್ದರೆ ಸೊರಗು ರೋಗ. ಯಾವ ಸೊರಗು ಎನ್ನುವುದಕ್ಕೆ ನೀರಿನ ಲೋಟದ ಪರೀಕ್ಷೆ. ಬುಡದಿಂದ ಐದಾರು ಸೆಂಟಿಮೀಟರ್ ತುಂಡು ಕತ್ತರಿಸಿ, ಕತ್ತರಿಸಿದ ತುದಿ ನೀರಿಗೆ ಸ್ವಲ್ಪವೇ ಮುಳುಗುವಂತೆ ಲೋಟದ ಅಂಚಿಗೆ ಕ್ಲಿಪ್ ಹಾಕಿ ನಿಲ್ಲಿಸಿ. ಅಲುಗಿಸಬೇಡಿ, ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ ಸೊರಗು. ಇದರಲ್ಲಿ ಎಲೆ ಹಳದಿಯಾಗುವ ಮೊದಲೇ, ಹಸಿರಾಗಿರುವಾಗಲೇ ಗಿಡ ಕುಸಿಯುತ್ತದೆ, ಕಾಂಡದ ಮೇಲೆ ಬೇರಿನ ಗುಳ್ಳೆ ಒತ್ತಾಗಿ ಏಳುವುದೂ ಉಂಟು. ಎಳೆ ಬಾರದೆ, ಕೆಳಗಿನ ಎಲೆಗಳು ಒಂದು ಮಗ್ಗುಲಿನಲ್ಲಿ ಮೊದಲು ಹಳದಿಯಾಗಿದ್ದರೆ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೊರಗು. ಎರಡಕ್ಕೂ ಮನೆಯಲ್ಲಿ ಚಿಕಿತ್ಸೆ ಇಲ್ಲ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಸುರಿದರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಅದು ನೆಡುವ ಮೊದಲು ಮಣ್ಣಿಗೆ ಬೆರೆಸುವ ಮುನ್ನೆಚ್ಚರಿಕೆ, ನಾಳ ಕಟ್ಟಿದ ಗಿಡವನ್ನು ಅದು ಬಿಡಿಸಲಾರದು.

ಕಾಂಡದ ನಡುವೆ ಕಾಣುವ ಕಲೆಗಳಲ್ಲಿ ಅವಸರ ಬೇಕಾದ್ದು ಒಂದೇ. ತಂಪು, ಮಳೆ, ಮಂಜಿನ ದಿನಗಳಲ್ಲಿ ಎಣ್ಣೆ ಹಚ್ಚಿದಂಥ ಕಂದುಗಪ್ಪು ಪಟ್ಟೆ ಕಾಂಡವನ್ನು ಸುತ್ತುತ್ತಾ, ಬೆಳಗ್ಗೆ ಅದರ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ತಡದ ಅಂಗಮಾರಿ. ಅಂದೇ ಕಿತ್ತು ಚೀಲಕ್ಕೆ ಹಾಕಿ. ಉಳಿದ ಗಿಡಗಳಿಗೆ ಶೇ. 50ರ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ ಮೂರು ಗ್ರಾಂ ಬೆರೆಸಿ, ಕಾಂಡವೂ ನೆನೆಯುವಂತೆ ಸಿಂಪಡಿಸಬಹುದು. ಪೊಟ್ಟಣದ ಮೇಲಿನ ಸೂಚನೆ ಬೇರೆ ಇದ್ದರೆ ಅದೇ ಅಂತಿಮ. ತಾಮ್ರ ರೋಗವಿಲ್ಲದ ಭಾಗವನ್ನು ಕಾಯುತ್ತದೆಯೇ ಹೊರತು ಹತ್ತಿದ ರೋಗ ತೆಗೆಯುವುದಿಲ್ಲ. ಕುಡಿ ಚಿವುಟಿದ ಮೊಂಡು ತುದಿಯಿಂದ ಶುರುವಾಗುವ ಬೂದು ಬೂಷ್ಟಿಗೆ ಕಾರಣ ಕತ್ತರಿಸುವ ರೀತಿ: ಅರ್ಧ ಇಂಚು ಮೊಂಡು ಬಿಡಬೇಡಿ, ಬಿಸಿಲೇರಿದ ಮೇಲೆ ಕಾಂಡಕ್ಕೆ ಸಮವಾಗಿ ಕತ್ತರಿಸಿ.

ಟೊಮೆಟೊ ಕಾಂಡದ ಮೇಲಿನ ರೋಮಗಳೆಲ್ಲ ಉದುರಿ, ಕೆಳಗಿನಿಂದ ಮೇಲಕ್ಕೆ ತುಕ್ಕಿನ ಬಣ್ಣಕ್ಕೆ ತಿರುಗಿ ನುಣುಪಾಗುತ್ತಿದ್ದರೆ ಹೆಚ್ಚಿನವರು ಪೋಷಕಾಂಶದ ಕೊರತೆ ಎಂದುಕೊಳ್ಳುತ್ತಾರೆ. ಇದು ರಸೆಟ್ ನುಸಿ. ಉದ್ದ ಒಂದು ಮಿಲಿಮೀಟರಿನ ಐದನೇ ಒಂದು ಭಾಗ, ಬರಿಗಣ್ಣಿಗೆ ಕಾಣದು, ಹತ್ತು ಪಟ್ಟಿನ ಭೂತಗನ್ನಡಿಗೂ ಕಷ್ಟ. ಕಂದು ಮತ್ತು ಹಸಿರು ಸೇರುವ ಗಡಿಯಲ್ಲಿ, ಇನ್ನೂ ಹೆಚ್ಚು ಹಿಗ್ಗಿಸುವ ಗಾಜಿನಿಂದ ನೋಡಿದರೆ ಹಳದಿ ಬಣ್ಣದ, ಕ್ಯಾರೆಟ್ಟಿನ ಆಕಾರದವು ಹರಿದಾಡುತ್ತವೆ. ಗಂಧಕಕ್ಕೆ ಇವು ಬಗ್ಗುತ್ತವೆ. ನೀರಿನಲ್ಲಿ ಬೆರೆಯುವ ಶೇ. 80ರ ಗಂಧಕ ಲೀಟರಿಗೆ ಎರಡು ಗ್ರಾಂ, ಸಂಜೆ ಹೊತ್ತು. ಬಿಸಿಲು 32 ಡಿಗ್ರಿ ಮೀರುವ ದಿನ ಬೇಡ. ಬೇವಿನೆಣ್ಣೆ ಸಿಂಪಡಿಸಿ ಎರಡು ವಾರ ಆಗಿರದಿದ್ದರೂ ಬೇಡ, ಎರಡೂ ಸೇರಿದರೆ ಎಲೆ ಸುಡುತ್ತದೆ.

ತುದಿ ಮಾತ್ರ ಬಾಡಿ ಜೋತುಬಿದ್ದಿದ್ದು ಗಿಡ ಬದನೆಯಾದರೆ, ಕುಡಿಯಲ್ಲಿ ಸಣ್ಣ ತೂತು, ಅದರ ಬಾಯಲ್ಲಿ ಹಿಕ್ಕೆ ಹುಡುಕಿ. ಕುಡಿ ಮತ್ತು ಕಾಯಿ ಕೊರಕದ ಹುಳು ಒಳಗಿರುತ್ತದೆ. ತೂತಿನಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ, ಟೊಳ್ಳಿಲ್ಲದ ತಿರುಳು ಸಿಗುವವರೆಗೆ ಕತ್ತರಿಸಿ, ಹುಳುವನ್ನು ಸಾಯಿಸಿ. ತುದಿ ಬಿದ್ದಲ್ಲೇ ಬಿಟ್ಟರೆ ಹುಳು ಹೊರಬಂದು ಕೋಶ ಕಟ್ಟುತ್ತದೆ. ಟೊಮೆಟೊ ಕುಡಿಯ ಕಾಂಡದ ಮೇಲೆ ಉದ್ದ ಕಂದು ಗೀರು, ಎಳೆ ಎಲೆ ಕಂಚಿನ ಬಣ್ಣ, ಕುಡಿ ಒಣಗುವಿಕೆ ಮೂರೂ ಇದ್ದರೆ ಥ್ರಿಪ್ಸ್ ಎಂಬ ಸಣ್ಣ ರಸ ಹೀರುವ ಕೀಟ ತಂದ ವೈರಸ್. ಬಿಳಿ ಕಾಗದದ ಮೇಲೆ ಕುಡಿ ತಟ್ಟಿದರೆ ಥ್ರಿಪ್ಸ್ ಉದುರುತ್ತವೆ. ಗಿಡವನ್ನು ಉಳಿಸಲು ಹೋಗಬೇಡಿ.

ಕಾಂಡ ತಿರುಚಿಕೊಂಡು, ದಪ್ಪಗಾಗಿ ಸೀಳಿ, ಕುಡಿ ಎಲೆಗಳು ಸಣ್ಣ ಬೀಸಣಿಗೆಯಂತೆ ಮುದುಡಿದ್ದು, ಕೀಟ ಏನೂ ಸಿಗದಿದ್ದರೆ ಕಳೆನಾಶಕದ ಕಡೆ ಯೋಚಿಸಿ. 2,4-ಡಿ ಥರದ ಕಳೆನಾಶಕ ಅಕ್ಕಪಕ್ಕದಿಂದ ಗಾಳಿಯಲ್ಲಿ ತೇಲಿ ಬಂದರೆ ಎಲ್ಲ ಕುಂಡಗಳಿಗೂ ಒಂದೇ ವಾರದಲ್ಲಿ, ಗಾಳಿಯ ದಿಕ್ಕಿನ ಮಗ್ಗುಲಿಗೆ ಹೆಚ್ಚಾಗಿ ತಾಗುತ್ತದೆ. ಆಮೇಲೆ ಬಂದ ಕುಡಿ ಸರಿಯಿದ್ದರೆ ಗಿಡ ಉಳಿಯಿತು. ಹೊಸ ಎಲೆಗಳೂ ಒಂದರ ಹಿಂದೊಂದು ಮುದುಡುತ್ತಲೇ ಇದ್ದರೆ, ಅದೂ ಒಂದೇ ಮೂಟೆಯ ಗೊಬ್ಬರ ಹಾಕಿದ ಕುಂಡಗಳಲ್ಲಿ ಮಾತ್ರ, ವಿಷ ಆ ಗೊಬ್ಬರದಲ್ಲಿದೆ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪೈರಾಲಿಡ್, ಕ್ಲೋಪೈರಾಲಿಡ್‌ನಂಥವು ಹುಲ್ಲು ತಿಂದ ದನದ ಹೊಟ್ಟೆ ದಾಟಿ ಸಗಣಿಯಲ್ಲೂ, ಕೊಳೆತ ಗೊಬ್ಬರದಲ್ಲೂ ತಿಂಗಳುಗಟ್ಟಲೆ ಉಳಿಯುತ್ತವೆ. ಖಚಿತಪಡಿಸಲು ಅನುಮಾನದ ಗೊಬ್ಬರ ಅರ್ಧ, ಹೊಸ ಮಣ್ಣು ಅರ್ಧ ಬೆರೆಸಿ ಮೂರು ಸಣ್ಣ ಕುಂಡಗಳಿಗೆ ತುಂಬಿ. ಇನ್ನು ಮೂರಕ್ಕೆ ಬರೀ ಹೊಸ ಮಣ್ಣು. ಪ್ರತಿಯೊಂದಕ್ಕೂ ಮೂರು ಹುರುಳಿಕಾಯಿ ಬೀಜ ಹಾಕಿ, ಒಂದರ ತಟ್ಟೆಯ ನೀರು ಇನ್ನೊಂದಕ್ಕೆ ಹರಿಯದಂತೆ ದೂರ ಇಟ್ಟು, ಮೂರು ಜೊತೆ ಎಲೆ ಬರುವವರೆಗೆ, ಅಂದರೆ ಮೂರು ನಾಲ್ಕು ವಾರ ಬೆಳೆಸಿ. ಗೊಬ್ಬರದ ಕುಂಡಗಳಲ್ಲಿ ಮಾತ್ರ ಎಲೆ ಬಟ್ಟಲಿನಂತೆ ಮುದುಡಿದರೆ ಆ ಮೂಟೆಯನ್ನು ಹುಲ್ಲಿನ ಜಾಗಕ್ಕೆ ಹರಡಬಹುದು, ಹುಲ್ಲಿಗೆ ಅದು ತೊಂದರೆ ಮಾಡುವುದಿಲ್ಲ. ತರಕಾರಿ ಕುಂಡಕ್ಕೆ ಮಾತ್ರ ಬೇಡ.

ರೋಗದಿಂದ ಸತ್ತ ಗಿಡದ ಕುಂಡವನ್ನು ಮತ್ತೆ ಬಳಸುವುದಾದರೆ ಮೊದಲು ಅಂಟಿದ ಮಣ್ಣು, ಬೇರು ಪೂರ್ತಿ ಹೋಗುವಂತೆ ಉಜ್ಜಿ ತೊಳೆಯಬೇಕು. ಮಣ್ಣು ಅಂಟಿ ಉಳಿದಲ್ಲಿ ಬ್ಲೀಚ್ ಕೆಲಸ ಮಾಡುವುದಿಲ್ಲ. ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಮುಳುಗಿಸಿ, ತೊಳೆದು ಬಿಸಿಲಿಗೆ ಒಣಗಿಸಿ. ಮಣ್ಣಿನ ಕುಂಡ ನೀರು ಹೀರುವುದರಿಂದ ಅದಕ್ಕೆ ಅರ್ಧ ಗಂಟೆ. ಆಸರೆ ಕೋಲು ಬಿದಿರಿನದಾದರೆ ಅದರ ಸೀಳುಗಳಲ್ಲಿ ಮಣ್ಣು ಉಳಿಯುತ್ತದೆ, ಅದನ್ನು ತೊಳೆಯುವ ಕಷ್ಟಕ್ಕಿಂತ ಬದಲಿಸುವುದೇ ವಾಸಿ.